ದಿನಕ್ಕ ಅರ್ಧ ತಂಬಿಗಿ

ನೆಲಕ್ಕ ಒಂದು ಹನಿ ಬಿದ್ದಿಲ್ಲ,
ಆದ್ರ ನೀರು ಹೋಗತದ.
ದಿನಕ್ಕ ಅರ್ಧ ತಂಬಿಗಿ.
ರಾತ್ರಿಪೂರಾ ಗಾಡಿ ಕೆಳಗ ರಟ್ಟು ಹಾಸಿ ನೋಡಿದೆ,
ಮುಂಜಾನೆ ಅದರ ಮ್ಯಾಲ ಬೆಕ್ಕಿನ ಹೆಜ್ಜಿ, ಅಷ್ಟ.

ಎಂಬತ್ತೊಂಬತ್ತರ ಪದ್ಮಿನಿ, ಕೆನಿ ಬಣ್ಣ.
ಸ್ಟೇಶನ್ ರೋಡಿನಾವ ರೇಡಿಯೇಟರ್ ಅಂದ, ಬದಲಿ ಮಾಡಿದೆ.
ಅಥಣಿ ನಾಕಾದಾವ ಹೋಸ್ ಪೈಪ್ ಅಂದ, ಎರಡೂ ಹಾಕ್ಸಿದೆ.
ಸೋಲಾಪುರ ರೋಡಿನ ದೊಡ್ಡ ಗ್ಯಾರೇಜಿನ್ಯಾಗ
ಟೈ ಕಟ್ಟಿದ ಹುಡುಗ, ಬಾನೆಟ್ ಸೈತ ಎತ್ತಲಿಲ್ಲ,
ಹೆಡ್ ಗ್ಯಾಸ್ಕೆಟ್ ಅಂದು ಹದಿನಾಲ್ಕು ಸಾವಿರ ಬರದುಕೊಟ್ಟ.
ಕಾಗದ ಬರಿಯೂದು ನನ್ನ ಕಸುಬು.
ಓದಿ, ಮಡಚಿ, ಕಿಸೇದಾಗ ಇಟ್ಟೆ.

ಲಾಡಸಾಬ ಮಿಸ್ತ್ರಿಯ ಗ್ಯಾರೇಜು
ಬಾದಶಾಹಿ ಕಾಲದ ನೀರಿನ ಗಂಜಿನ ನೆರಳಿನ್ಯಾಗ.
ಹತ್ತೂವರಿ ತನಕ ನೆರಳು, ಆಮ್ಯಾಲ ಅದೂ ಇಲ್ಲ.
ಎಲ್ಲಿ ಸೋರತದ ಅಂತ ಅಂವ ಕೇಳಲಿಲ್ಲ.
"ಯಾವಾಗ?" ಅಂದ.
ಯಾವಾಗ ಅಂದ್ರ?
"ಓಡುವಾಗೋ, ನಿಂತಾಗೋ? ಕಾದಾಗೋ, ಆರಿದಾಗೋ?"
ನನಗ ಗೊತ್ತಿರಲಿಲ್ಲ.
"ಮೂವರನ್ನ ಬಿಟ್ಟು ಮತ್ತ ಯಾರರ ಕೈ ಹಾಕ್ಯಾರೇನು?"
ಇಲ್ಲ ಅಂದೆ.

ಆಯಿಲ್ ಕಡ್ಡಿ ಎಳದು ಬೆರಳಿನ್ಯಾಗ ತಿಕ್ಕಿದ.
"ಹಾಲಿನಂಗ ಆಗಿಲ್ಲ. ಗ್ಯಾಸ್ಕೆಟ್ ನೆಟ್ಟಗದ."
ಸೈಲೆನ್ಸರಿಗೆ ಅಂಗೈ ಹಿಡದು ಮೂಸಿದ.
ರೇಡಿಯೇಟರಿನ ಬಾಯಿಗೆ ಸೈಕಲ್ ಪಂಪು ಕಟ್ಟಿ
ಹುಡುಗ ಮಳಿಯಪ್ಪ ಗಾಳಿ ಹೊಡದ,
ಮೀಟರಿನ ಮುಳ್ಳು ಏರಿದಲ್ಲೇ ನಿಂತಿತು.
ಇಂಜಿನ್ ಇನ್ನೂ ಸುಡತಿತ್ತು.
"ಕಾದಾಗ ಹಿಗ್ಗಿ ಬಾಯಿ ಮುಚ್ಚಕೋತದ ಕಳ್ಳ."

ನೀರು ಹೊಡದು, ಒರಸಿ, ಒಣಗಿಸಿ
ಮಗಳ ಪೌಡರ್ ಡಬ್ಬಿ ತಂದು ಇಂಜಿನ್ನಿನ ಮೈತುಂಬ ಉದುರಿಸಿದ.
ಎರಕೊಂಡು ಎದ್ದ ಕೂಸಿನಂಗ ಕಾಣ್ತು.
"ಇಲ್ಲೇ ಇರಲಿ. ನಸುಕಿನ್ಯಾಗ ಬರ್ರಿ."

ಐದೂವರಿ. ಜನೇವರಿಯ ಥಂಡಿ, ಬಾಯಾಗ ಹೊಗಿ.
ಬಾನೆಟ್ ಎತ್ತಿದ. ನಾನು ಬ್ಯಾಟರಿ ಬಿಟ್ಟೆ.
ಬಿಳೀ ಪೌಡರಿನ್ಯಾಗ ಒಂದ ಗೆರಿ,
ವಾಟರ್ ಪಂಪಿನ ಕೊಳ್ಳಿನಿಂದ ಇಳದು
ಬ್ಲಾಕಿನ ಮೂಲಿ ಹಾದು ಕೆಳಗಿನ ತಗಡಿನ ಮಡಿಕಿಯೊಳಗ.
ಅಲ್ಲೇ ತುಂಬತಿತ್ತು,
ಗಾಡಿ ಓಡಿದ ಕೂಡಲೇ ಅಲ್ಲೇ ಆರತಿತ್ತು.
ಅತ್ತಂಗದಲ್ರೀ, ಅಂದೆ.
"ಬ್ಯಾಟರಿ ಅಳಗ್ಯಾಡಸಬ್ಯಾಡ್ರಿ," ಅಂದ.

ಪಂಪಿನ ಹೊಟ್ಟಿ ಕೆಳಗ ತೂತು ಇರತದಂತ, ಹೆಸರುಕಾಳಿನಷ್ಟು.
ಮಾಡಿದಾವರ ಬಿಟ್ಟದ್ದು.
ಒಳಗಿನ ಸೀಲು ಸವದಾಗ ಅಲ್ಲಿಂದ ಹನಿ ಬಿದ್ದು
ಮಾಲಕಗ ತಿಳೀಲಿ ಅಂತ.
ಲಾಡಸಾಬ ಬೆರಳು ತೂರಿಸಿ ತಡವಿದ.
ತೂತು ಇರಲಿಲ್ಲ.
ಎಂ-ಸೀಲ್, ಕಲ್ಲಾಗಿ ಕೂತಿತ್ತು.
ದಾರಿ ಕಟ್ಟಿದ್ದಕ್ಕ ನೀರು ಬೇರಿಂಗಿನ ಸಂದ್ಯಾಗ
ಬ್ಯಾರೆ ದಾರಿ ಹುಡಿಕ್ಯಾಡಿತ್ತು.
ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಅಂಗೈ ಮ್ಯಾಲ ಇಟ್ಟು
ಬೆಳಕಿಗೆ ಹಿಡದ.
ಅದರ ಬೆನ್ನ ಮ್ಯಾಲ ಹೆಬ್ಬೆಟ್ಟಿನ ಗುರ್ತು,
ಒಂದೊಂದು ಗೆರಿ ಎಣಿಸೂಹಂಗ.

ಸಬ್ ರಜಿಸ್ಟ್ರಾರ್ ಆಫೀಸಿನ ಮುಂದ ಬೇವಿನ ಬುಡಕ್ಕ
ಇಪ್ಪತ್ತಾರು ವರ್ಷ ಕೂತೀನಿ.
ಎಷ್ಟೋ ಹೆಬ್ಬೆಟ್ಟು ಹಿಡದು, ಮಸಿಗೆ ಒತ್ತಿ,
ಕಾಗದಕ್ಕ ಉರುಳಿಸೀನಿ.
ಈ ಗುರ್ತಿನ ನಡುವ ಒಂದು ಅಡ್ಡಗಾಯ,
ಸ್ಟಾಂಪ್ ಪೇಪರ್ ಕೊರಿಯುವಾಗ ಬ್ಲೇಡು ಹಾದದ್ದು.

ತಿಕೋಟಾ ದಾಟಿ, ಮಟಮಟ ಮಧ್ಯಾಹ್ನ,
ಎರಡು ವರ್ಷದ ಹಿಂದ.
ಅತ್ತಿಯ ಕಣ್ಣಿನ ಆಪರೇಶನ್ನು, ಮಿರಜಿಗೆ ಹೊಂಟಿದ್ವಿ.
ಹನಿ ಬೀಳತಿತ್ತು, ಆಗ ಅದು ನೆಟ್ಟಗ ಬೀಳತಿತ್ತು,
ಕಾಣೂಹಂಗ.
ಹಾರ್ಡವೇರ್ ಅಂಗಡ್ಯಾಗ ಎಂ-ಸೀಲ್ ಸಿಕ್ತು.
ನಾದಿದೆ. ಒತ್ತಿದೆ. ನಿಂತಿತು.
ಗಾಡಿ ಮಿರಜಿ ಮುಟ್ಟಿತು, ಅತ್ತಿಗೆ ಕಣ್ಣು ಬಂದ್ವು,
ನಾ ಮರತೆ.

ಲಾಡಸಾಬ ನನ್ನ ಮುಖ ನೋಡಲಿಲ್ಲ.
ತುಣುಕು ಬಾನೆಟ್ಟಿನ ಅಂಚಿಗಿಟ್ಟು
"ಪಂಪಿನ ಕಿಟ್ ಗಾಂಧಿ ಚೌಕದಾಗ ಸಿಗತದ,
ಆರುನೂರಾ ಐವತ್ತು" ಅಂದ.
ಗಂಜಿನ ನೆತ್ತಿಗೆ ಬಿಸಲು ತಾಗಿತ್ತು.
ಮಳಿಯಪ್ಪ ಚಾ ತಂದ.

ಕಪ್ಪು ಹಿಡದೆ,
ಹೆಬ್ಬೆಟ್ಟು ಒಳಗ ಮಡಚಿ.